ನನ್ನ ಸೀರೆ ಉಟ್ಟ ಹುಡುಗ

ನನ್ನ ಮದುವೆ ಸೀರೆಯನ್ನು ನನಗಿಂತ ಚೆಂದ ಉಟ್ಟವನು ಒಬ್ಬ ಹುಡುಗ. ಈಗ ಈ ಮಾತು ಹೇಳಿದರೆ ಮನೆಮಂದಿ ನಗುತ್ತಾರೆ. ನಗಲಿ ಬಿಡಿ. ಆಗ ನನಗೆ ನಗು ಬಂದಿರಲಿಲ್ಲ, ಹೊಟ್ಟೆ ಉರಿದಿತ್ತು. ಆ ಉರಿ ಆರಲು ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ದೀಪಾವಳಿ ಕಳೆಯಬೇಕಾಯಿತು. ಪೂರ್ತಿ ಆರಿದೆ ಎಂದು ಇವತ್ತಿಗೂ ಎದೆ ತಟ್ಟಿಕೊಂಡು ಹೇಳಲಾರೆ.

ಮಹಾಯುದ್ಧ ನಡೆದಿದ್ದ ಕಾಲ ಅದು. ನಾನು ಮುಂಡಗೋಡದ ಹತ್ತಿರದ ಹಳ್ಳಿಯವಳು. ಹಳಿಯಾಳದ ಕಾಳುಕಡಿ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದು ಎರಡನೆಯ ವರ್ಷ ನಡೆದಿತ್ತು. ನಮ್ಮವರು ಧಾರವಾಡದ ಕಾಲೇಜಿನಲ್ಲಿ ಓದುತ್ತಿದ್ದರು. ಅವರ ಹೆಸರನ್ನು ನಾನು ಬಾಯಲ್ಲಿ ಹೇಳಿದವಳಲ್ಲ, ಇಲ್ಲಿಯೂ ಬರೆಯುವುದಿಲ್ಲ. ಸೂಟಿ ಬಿದ್ದಾಗ ಊರಿಗೆ ಬರುತ್ತಿದ್ದರು. ಬಂದರೆ ನನಗೇನು ಬಂತು? ಹಿರಿಯರ ಎದುರು ಗಂಡ ಹೆಂಡತಿ ಹಗಲಿನಲ್ಲಿ ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಅವರು ಪಡಸಾಲೆಯ ಕಂಬಕ್ಕೆ ಒರಗಿ ಪುಸ್ತಕ ಹಿಡಿದುಕೊಂಡು ಕೂತಿರುತ್ತಿದ್ದರು. ನಾನು ಸೆರಗನ್ನು ಹಣೆಯವರೆಗೂ ಎಳೆದುಕೊಂಡು, ಮುಖವನ್ನು ಗೋಡೆಯ ಕಡೆ ಮಾಡಿಕೊಂಡು, ನೀರಿನ ಕೊಡ ಹೊತ್ತು ಅವರ ಮುಂದೆ ಹಾಯ್ದು ಹೋಗುತ್ತಿದ್ದೆ. ಅವರು ಪುಸ್ತಕದಿಂದ ತಲೆ ಎತ್ತುತ್ತಿದ್ದರೋ ಇಲ್ಲವೋ ನನಗೆ ತಿಳಿಯುವ ಹಾಗಿರಲಿಲ್ಲ. ತಿರುಗಿ ನೋಡೋಣವೆಂದರೆ ಅಡುಗೆಮನೆಯ ಬಾಗಿಲಲ್ಲಿ ಅತ್ತೆಯ ಕಣ್ಣು ನನ್ನ ಮೇಲೇ ನೆಟ್ಟಿರುತ್ತಿತ್ತು. ಎತ್ತುವುದಿಲ್ಲ ಎಂದೇ ನಾನು ತೀರ್ಮಾನ ಮಾಡಿಕೊಂಡಿದ್ದೆ.

ಅತ್ತೆ ಹೆಚ್ಚು ಬೈಯುವ ಪೈಕಿ ಅಲ್ಲ. ಅವರದು ನೋಟದಲ್ಲೇ ಕೆಲಸ ಮುಗಿಸುವ ಸ್ವಭಾವ. ನನ್ನ ಅಡುಗೆಗೆ ಹೆಸರಿಡಲಿಲ್ಲ, ನನ್ನ ತವರಿಗೆ ಹೆಸರಿಡಲಿಲ್ಲ. ಅವರಿಗೆ ಸೇರದೆ ಇದ್ದದ್ದು ಒಂದೇ, ನನ್ನ ನಡಿಗೆ. ದಿನ ಬೆಳಗಾದರೆ ಅದೇ ಮಾತು.

"ನೆಲ ಏನ ಪಾಪ ಮಾಡೇತಿ ಯವ್ವಾ? ಮೆತ್ತಗ ನಡಿ."

ನಾನು ಮೆತ್ತಗೆ ನಡೆಯುತ್ತಿದ್ದೆ. ನಾಲ್ಕು ಹೆಜ್ಜೆ ಹಾಕುವುದರೊಳಗೆ ಮರೆತುಬಿಡುತ್ತಿದ್ದೆ.

ಆ ಬೇಸಿಗೆಯ ಸೂಟಿಗೆ ನಮ್ಮವರು ಒಬ್ಬರೇ ಬರಲಿಲ್ಲ. ಜೊತೆಗೆ ಒಬ್ಬ ಗೆಳೆಯ, ಒಂದು ಕ್ಯಾಮರಾ. ಗೆಳೆಯ ದಾಂಡೇಲಿಯ ನಾಟಾ ವ್ಯಾಪಾರಿಯ ಮಗ, ಸಾಬರ ಹುಡುಗ. ಅವನ ಅಪ್ಪನ ಲಾರಿಗಳು ಕಾಡಿನಿಂದ ಸಾಗವಾನಿ ಮರ ಹೇರಿಕೊಂಡು ಬರುತ್ತಿದ್ದವು. ಊರು ಬಿಟ್ಟು ತನ್ನ ದೇಶಕ್ಕೆ ಹೊರಟ ಒಬ್ಬ ಬಿಳಿ ಸಾಹೇಬ ಆ ಕ್ಯಾಮರಾವನ್ನು ಅವರಿಗೆ ಕೊಟ್ಟು ಹೋಗಿದ್ದನಂತೆ. ಅಡಕೆ ಡಬ್ಬಿಗಿಂತ ಒಂದಿಷ್ಟು ದೊಡ್ಡದು. ಗಡಿಯಾರಕ್ಕೆ ಕೊಡುವ ಹಾಗೆ ಕೀಲಿ ಕೊಟ್ಟರೆ ಕಿರ್ರ್ ಎಂದು ತಾನೇ ಓಡುತ್ತಿತ್ತು, ಕೀಲಿ ಮುಗಿದರೆ ನಿಲ್ಲುತ್ತಿತ್ತು. ಫೋಟೋ ಅಲ್ಲ, ಓಡಾಡುವ ಚಿತ್ರ. ಮಾತು ಮಾತ್ರ ಬರುವುದಿಲ್ಲ. ಇಬ್ಬರೂ ಸೇರಿ ಒಂದು ಸಣ್ಣ ಸಿನೆಮಾ ತೆಗೆದು ಕಾಲೇಜಿನ ಗ್ಯಾದರಿಂಗಿನಲ್ಲಿ ತೋರಿಸಬೇಕೆಂದು ಪಣ ತೊಟ್ಟಿದ್ದರು.

ಕಥೆ ನಮ್ಮವರದು. ಒಬ್ಬ ಹೆಂಡತಿ, ದಾಂಡೇಲಿಯ ನಾಟಾ ಡಿಪೋದಲ್ಲಿ ದುಡಿಯುವ ಗಂಡನಿಗೆ ಬುತ್ತಿ ಕಟ್ಟಿಕೊಂಡು ಕಾಡುದಾರಿ ಹಿಡಿಯುತ್ತಾಳೆ. ಅದೇ ಹೊತ್ತಿಗೆ ಗಂಡ ಹಸಿವು ತಾಳದೆ ಇನ್ನೊಂದು ದಾರಿಯಿಂದ ಮನೆಗೆ ಬರುತ್ತಾನೆ. ಆಕೆ ಅಲ್ಲಿ ಹುಡುಕುತ್ತಾಳೆ, ಅವನು ಇಲ್ಲಿ ಹುಡುಕುತ್ತಾನೆ. ಕೊನೆಗೆ ಹೇಗೋ ಕೂಡಿ ಉಣ್ಣುತ್ತಾರೆ. ಇಷ್ಟೇ. ಗಂಡನ ವೇಷ ಗೆಳೆಯನಿಗೆ. ಕ್ಯಾಮರಾ ಹಿಡಿಯುವವರು ನಮ್ಮವರು.

ಹೆಂಡತಿ ಯಾರು? ಮನೆತನಸ್ತರ ಹೆಣ್ಣುಮಕ್ಕಳು ಕ್ಯಾಮರಾದ ಮುಂದೆ ನಿಲ್ಲುವ ಮಾತನ್ನು ಆಗ ಯಾರೂ ಆಡುತ್ತಿರಲಿಲ್ಲ. ನಮ್ಮ ಓಣಿಯಲ್ಲೇ ಒಬ್ಬ ಹುಡುಗ ಇದ್ದ. ಮಾಸ್ತರರ ಮಗ, ಆ ವರ್ಷ ಮ್ಯಾಟ್ರಿಕ್‌ಗೆ ಕೂತವನು. ಸಾಲೆಯ ನಾಟಕಗಳಲ್ಲೆಲ್ಲ ಹೆಣ್ಣಿನ ಪಾರ್ಟು ಅವನದೇ. ಸಣ್ಣ ಸೊಂಟ, ಎಳೆ ಮೋರೆ, ರೆಪ್ಪೆಯಂತೂ ನೋಡಿದವರು ಉಗುಳು ನುಂಗಬೇಕು. ಊರ ಹೆಂಗಸರೇ ಅವನನ್ನು ಕರೆದು ಕೂರಿಸಿಕೊಂಡು ಸೆರಗು ಹೊದಿಸಿ ನೋಡಿ ಖುಷಿ ಪಡುತ್ತಿದ್ದರು.

ನಮ್ಮವರು ಅವರ ಅವ್ವನಿಗೆ ಹೇಳಿದರು. ನಾನು ಅಲ್ಲೇ ಒಲೆ ಊದುತ್ತ ಕೂತಿದ್ದೆ. ನನಗೆ ಹೇಳುವುದನ್ನೂ ಅವ್ವನಿಗೇ ಹೇಳಬೇಕಲ್ಲ.

"ಅವ್ವಾ, ಆಕಿ ಲಗ್ನದ ಸೀರಿ ಒಂದಿಷ್ಟ ಕೊಡಸು. ಆ ಹುಡುಗಗ ಉಡಸಬೇಕಾಗೇತಿ."

ಅತ್ತೆ ನನ್ನ ಕಡೆ ನೋಡಿದರು. ನಾನು ಎದ್ದು ಹೋಗಿ ಟ್ರಂಕು ತೆಗೆದು ಕೆಂಪು ಸೆರಗಿನ ಇಳಕಲ್ಲ ಸೀರೆ ತಂದು ಮುಂದಿಟ್ಟೆ. 

ಮನೆಯ ಭಾಗವನ್ನು ನಮ್ಮ ಹಿತ್ತಲಲ್ಲೇ ತೆಗೆದರು. ಅಡುಗೆಮನೆಗೆ ಹಿತ್ತಲ ಕಡೆ ಒಂದು ಕಿಂಡಿ ಇತ್ತು, ಹೊಗೆ ಹೋಗಲಿಕ್ಕೆ. ಆ ಬೇಸಿಗೆಯಲ್ಲಿ ಹೊಗೆಗಿಂತ ಹೆಚ್ಚು ನನ್ನ ಕಣ್ಣೇ ಆ ಕಿಂಡಿಯಿಂದ ಹೊರಗೆ ಹೋಗಿದ್ದು. ನಮ್ಮವರು ಕ್ಯಾಮರಾ ಹಿಡಿದು ಮಣ್ಣಿನಲ್ಲಿ ಬೋರಲು ಮಲಗುತ್ತಿದ್ದರು, ಗಾಡಿಯ ಮೇಲೆ ಹತ್ತುತ್ತಿದ್ದರು, ಮತ್ತೆ ಅವನ ಮುಖದ ಹತ್ತಿರ ಹೋಗಿ ಮಂಡಿಯೂರಿ ಕೂರುತ್ತಿದ್ದರು. ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣನ್ನು ಪೂರ್ತಿ ಅವನ ಮೇಲೆ ಇಟ್ಟು.

"ಕತ್ತ ಸ್ವಲ್ಪ ವಾಲಸು. ಹಾಂ, ಅಷ್ಟ. ಈಗ ಕಣ್ಣ ಎತ್ತು. ಮೆಲ್ಲಕ. ನನ್ನ ಕಡೆ ನೋಡು."

ನನ್ನ ಕಡೆ ನೋಡು. ಮದುವೆಯಾಗಿ ಎರಡು ವರ್ಷದಲ್ಲಿ ಈ ಮೂರು ಮಾತು ನನಗೆ ಯಾರೂ ಹೇಳಿರಲಿಲ್ಲ. ಹೇಳಿರಲಿಲ್ಲ, ಅಷ್ಟೇ. ನನ್ನ ಸೀರೆ, ನನ್ನ ಹಿತ್ತಲು, ನನ್ನ ಗಂಡ. ನಡುವೆ ನಿಂತವನು ಅವನು. ನನಗೆ ಆ ಹೊತ್ತಿನಲ್ಲಿ ಜಗತ್ತಿನಲ್ಲಿ ಬೇಕಾಗಿದ್ದದ್ದು ಒಂದೇ. ಆ ಡಬ್ಬಿಯೊಳಗಿಂದ ಅವರು ಅವನನ್ನು ನೋಡುವ ಹಾಗೆ ಒಂದು ಸಲ ನನ್ನನ್ನು ನೋಡಬೇಕು. ಸಿನೆಮಾ ಹಾಳಾಗಿ ಹೋಗಲಿ.

ಸಾಲದ್ದಕ್ಕೆ ಅವನಿಗೆ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಬುತ್ತಿ ಗಂಟು ಕಟ್ಟಲು ಅವನಿಗೆ ಬರುತ್ತಿರಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಕೇಳಿದ.

"ವೈನೀ, ಹಿಂಗೇನ್ರಿ?"

"ಹಂಗಲ್ಲ. ರೊಟ್ಟಿ ಕೆಳಗ, ಪಲ್ಯಾ ಮ್ಯಾಲ. ಗಂಟ ಬಿಗಿ. ಇಷ್ಟೂ ಬರೂದಿಲ್ಲ ಅಂದ್ರ ಎಂಥಾ ಹೆಂಗಸೋ ನೀ."

ಅವನಿಗೆ ಸಿಟ್ಟೂ ಬರಲಿಲ್ಲ. ರೆಪ್ಪೆ ಬಡಿದು ನಕ್ಕ. ಒಂದೇ ಸಲಕ್ಕೆ ಕಲಿತುಕೊಂಡ. ಸಂಜೆ ಕಿಂಡಿಯಿಂದ ನೋಡಿದರೆ ನನ್ನ ಹಾಗೇ ಹಲ್ಲಿನಿಂದ ಬಟ್ಟೆಯ ತುದಿ ಕಚ್ಚಿ ಎಳೆದು ಗಂಟು ಬಿಗಿಯುತ್ತಿದ್ದ. ಅದನ್ನು ನಾನು ಅವನಿಗೆ ಹೇಳಿಕೊಟ್ಟಿರಲಿಲ್ಲ. ನೋಡಿ ಕದ್ದಿದ್ದ. ನಮ್ಮವರು ಕ್ಯಾಮರಾ ಇಳಿಸಿ, "ಎಷ್ಟ ಚೆಂದ ಮಾಡಿದಿ, ಇದೆಲ್ಲಿ ಕಲತಿ?" ಎಂದು ಕೇಳಿದರು. ಸೂಟಿ ಮುಗಿದಾಗಲೆಲ್ಲ ಅವರ ಬುತ್ತಿಯನ್ನೇ ನಾನು ಹಾಗೆ ಕಟ್ಟಿ ಕಳಿಸುತ್ತಿದ್ದೆ. ಕಾಲೇಜಿಗೆ ಹೊರಡುವಾಗಿನ ಗಂಟು ಯಾರ ಹಲ್ಲಿನದು ಎಂದು ಅವರಿಗೆ ಗೊತ್ತಿರಲಿಲ್ಲ.

ತೆಗೆದ ರೀಲನ್ನು ಮುಂಬೈಗೆ ಕಳಿಸಿದರು. ಅಲ್ಲಿ ತೊಳೆದು ಪೋಸ್ಟಿನಲ್ಲಿ ವಾಪಸು ಕಳಿಸಬೇಕು. ಬಂದ ದಿನ ಗೆಳೆಯ ಲಾರಿಯ ಬ್ಯಾಟರಿ ಬಿಚ್ಚಿ ತಂದ. ನಮ್ಮೂರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಕೈಯಿಂದ ತಿರುಗಿಸುವ ಸಣ್ಣ ಯಂತ್ರಕ್ಕೆ ಆ ಬ್ಯಾಟರಿಯ ದೀಪ ಜೋಡಿಸಿ, ಪಡಸಾಲೆಯ ಬಾಗಿಲು ಹಾಕಿ, ಗೋಡೆಗೆ ಧೋತರ ಕಟ್ಟಿದರು. ನಾನೂ ಅತ್ತೆಯೂ ಒಳಬಾಗಿಲಲ್ಲಿ ನಿಂತೆವು.

ಧೋತರದ ಮೇಲೆ ನಮ್ಮ ಹಿತ್ತಲು ಬಂತು, ನಮ್ಮ ಎತ್ತು ಬಂತು. ಆಮೇಲೆ ಹುಡುಗ ಬಂದ. ಎರಡೂ ಕೆನ್ನೆ ಇದ್ದಿಲು ಮೆತ್ತಿದ ಹಾಗೆ ಕಪ್ಪು. ತುಟಿ ಕಪ್ಪು. ನನ್ನ ಕೆಂಪು ಸೆರಗು ಒಲೆ ಮಸಿಯಲ್ಲಿ ಅದ್ದಿ ತೆಗೆದ ಹಾಗೆ ಕಪ್ಪು. ರೆಪ್ಪೆ ಬಡಿದು ನಾಚುತ್ತ ಕತ್ತು ವಾಲಿಸಿದರೆ ಗಡ್ಡದ ಸನ್ಯಾಸಿ ಸೀರೆ ಉಟ್ಟು ನಾಚಿದ ಹಾಗಿತ್ತು.

ತಪ್ಪು ಇಷ್ಟೇ. ನಾಟಕದ ಬಣ್ಣವೇ ಮುಖಕ್ಕೆ ಬಣ್ಣ ಎಂದು ನಮ್ಮ ಕಡೆಯ ಎಲ್ಲರ ನಂಬಿಕೆ. ಪೆಟ್ರೊಮ್ಯಾಕ್ಸ್ ಬೆಳಕಿನಲ್ಲಿ ಹಿಂದಿನ ಸಾಲಿನವರಿಗೂ ಕಾಣಲೆಂದು ಕೆನ್ನೆಗೆ ಕೆಂಪು ಇಂಗಳೀಕ ಬಳಿಯುವ ಕೈ ಅವನದು. ಇಲ್ಲೂ ಅದನ್ನೇ ಬಳಿದುಕೊಂಡಿದ್ದ. ಆ ಫಿಲ್ಮಿಗೆ ಕೆಂಪು ಬಣ್ಣ ಕಾಣುವುದಿಲ್ಲ ಎಂದು ಯಾರಿಗೆ ಗೊತ್ತು? ಗೆಳೆಯ ಹುಬ್ಬಳ್ಳಿಗೆ ಹೋಗಿ ಫೋಟೋ ತೆಗೆಯುವವರನ್ನು ಕೇಳಿಕೊಂಡು ಬಂದ. ಅದಕ್ಕೇ ಅವರು ಕೆಂಪು ದೀಪದಲ್ಲಿ ಫಿಲ್ಮು ತೊಳೆಯುತ್ತಾರಂತೆ. ಕೆಂಪೆಂದರೆ ಅದಕ್ಕೆ ಕತ್ತಲೆ.

ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕೆ. ಆ ಬೇಸಿಗೆಯಲ್ಲಿ ನಾನು ನಕ್ಕದ್ದು ಅದೊಂದೇ ಸಲ. ಅತ್ತೆಗೆ ಮಾತ್ರ ಸರಿ ಬರಲಿಲ್ಲ. "ಮುತ್ತೈದಿ ಕುಂಕುಮ ಕರ್ರಗ ಆಗಬಾರದಪಾ. ಸುಟ್ಟ ಹಾಕ ಅದನ್ನ," ಎಂದು ಮಗನಿಗೆ ಹೇಳಿ ಒಳಗೆ ಹೋದರು.

ಅವರು ಸುಡಲಿಲ್ಲ. ಮತ್ತೆ ಮೊದಲಿನಿಂದ ತೆಗೆಯುತ್ತೇವೆ ಎಂದರು. ಯುದ್ಧದ ಕಾಲದಲ್ಲಿ ಫಿಲ್ಮು ಸಿಗುವುದೇ ಕಷ್ಟ, ಇರುವ ಕೆಲವು ರೀಲಿನಲ್ಲೇ ಮುಗಿಸಬೇಕು. ಈ ಸಲ ಮುಖಕ್ಕೆ ಬಣ್ಣ ಬೇಡ, ಒಂದಿಷ್ಟು ಗೋಧಿ ಹಿಟ್ಟು ಸಾಕು. ಸೀರೆಯೂ ಕೆಂಪಿನದು ಬೇಡ.

"ಅವ್ವಾ, ಆಕಿದು ಆ ನೀಲಿ ಸೀರಿ ಐತೆಲ್ಲಾ."

ಆ ನೀಲಿ ಸೀರೆ. ಹಿಂದಿನ ವರ್ಷ ಧಾರವಾಡದಿಂದ ಬರುವಾಗ ಅವರೇ ತಂದದ್ದು. ಅತ್ತೆ ಹೇಳಿ ತರಿಸಿದ್ದಲ್ಲ, ಮಾವ ಕೊಂಡು ಕಳಿಸಿದ್ದಲ್ಲ, ತಾವೇ ಅಂಗಡಿಯಲ್ಲಿ ನಿಂತು ಆರಿಸಿ ತಂದದ್ದು. ಆಕಾಶದ ಬಣ್ಣ, ಕಡ್ಡಿಯಷ್ಟು ಅಂಚು. ಒಳ್ಳೆಯ ದಿನ ಬರಲಿ ಎಂದು ಹೊಸ ಮಡಿಕೆಯ ಗಳಿಗೆಯನ್ನೂ ಮುರಿಯದೆ ಇಟ್ಟುಕೊಂಡಿದ್ದೆ. ಅದರ ಗಳಿಗೆಯನ್ನು ಅವನು ಮುರಿದ. ಆ ಸಲ ನಾನು ಟ್ರಂಕಿನ ಮುಚ್ಚಳವನ್ನು ಹಾಕಿದ ಸಪ್ಪಳ ಅಂಗಡಿಯಲ್ಲಿ ಕೂತಿದ್ದ ಮಾವನಿಗೂ ಕೇಳಿಸಿರಬೇಕು.

ಬಣ್ಣವಿಲ್ಲದ ಮುಖದಲ್ಲಿ ಅವನು ಇನ್ನೂ ಚೆಂದ ಕಂಡ. ಇದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ, ಕಿಂಡಿಯಿಂದ ನನಗೇ ಕಾಣುತ್ತಿತ್ತು. ಮನೆಯ ಭಾಗ ಮುಗಿಸಿ ದಾಂಡೇಲಿಗೂ ಕರೆದುಕೊಂಡು ಹೋದರು. ಕಾಳಿ ಹೊಳೆಯ ದಂಡೆ, ಡಿಪೋದಲ್ಲಿ ಒಟ್ಟಿದ ಮರದ ದಿಮ್ಮಿಗಳು, ಅವುಗಳ ನಡುವೆ ಗಂಡನನ್ನು ಹುಡುಕುವ ಹೆಂಡತಿ. ಅಲ್ಲಿ ನಾನು ನೋಡಲು ಹೋಗುವಂತಿರಲಿಲ್ಲ. ನೋಡುವುದಕ್ಕಿಂತ ನೋಡದೆ ಇರುವುದೇ ಹೆಚ್ಚು ಸುಡುತ್ತದೆ ಎಂಬುದು ಆಗ ತಿಳಿಯಿತು. ಅಷ್ಟರಲ್ಲಿ ಮಳೆ ಹಿಡಿಯಿತು, ಸೂಟಿ ಮುಗಿಯಿತು. ಕಾಡುದಾರಿಯಲ್ಲಿ ಆಕೆ ಬುತ್ತಿ ಹೊತ್ತು ನಡೆಯುವ ಭಾಗ ಒಂದೇ ಉಳಿಯಿತು. ಅದಿಲ್ಲದೆ ಕಥೆಗೆ ತಲೆಬುಡ ಇರುವುದಿಲ್ಲ.

ದೀಪಾವಳಿ ಸೂಟಿಗೆ ಇಬ್ಬರೂ ಬಂದರು. ಹುಡುಗ ಹಾಸಿಗೆ ಹಿಡಿದಿದ್ದ. ಆ ವರ್ಷ ಮಳೆ ನಿಂತದ್ದೇ ಊರ ತುಂಬ ಚಳಿಜ್ವರ. ಮೂರು ಕಂಬಳಿ ಹೊದಿಸಿದರೂ ಗಡಗಡ ನಡುಗುತ್ತಿದ್ದನಂತೆ. ಕ್ವಿನೈನು ನುಂಗಿ ನುಂಗಿ ಕಿವಿ ಗುಂಯ್ ಅನ್ನುತ್ತದೆ ಎನ್ನುತ್ತಿದ್ದನಂತೆ. ಎದ್ದು ನಿಲ್ಲಲು ಇನ್ನೂ ಎಷ್ಟು ದಿನವೋ. ಇತ್ತ ಗೆಳೆಯನ ಅಪ್ಪ ಕ್ಯಾಮರಾವನ್ನು ಬೆಳಗಾವಿಯ ಯಾರಿಗೋ ಮಾರಿಬಿಟ್ಟಿದ್ದರು. ಹಬ್ಬ ಮುಗಿದ ಕೂಡಲೇ ಕೊಡಬೇಕು. ಉಳಿದದ್ದು ಒಂದು ರೀಲು.

ಸುದ್ದಿ ಕೇಳಿ ನಮ್ಮವರು ತಲೆ ಮೇಲೆ ಕೈ ಹೊತ್ತು ಕೂತರು. ನನಗೆ ಒಳಗೊಳಗೇ ಹಿಗ್ಗು. ಅವನ ಮನೆಗೆ ಮೆಣಸಿನ ಸಾರು ಮಾಡಿ ಕಳಿಸಿದೆ, ಅದು ಬೇರೆ. ಹಿಗ್ಗಂತೂ ಹಿಗ್ಗೇ.

ಮಾರನೆಯ ದಿನ ನಾನು ಹಿತ್ತಲ ಬಾವಿಯಲ್ಲಿ ನೀರು ಸೇದುವಾಗ ಅವರು ಕಾಲು ತೊಳೆಯುವ ನೆವದಿಂದ ಬಂದರು. ಹಗಲಿನಲ್ಲಿ ಅವರು ನನ್ನೊಡನೆ ಮಾತಾಡಿದ್ದು ಅದೇ ಮೊದಲು.

"ಹಬ್ಬಕ್ಕ ನಿನ್ನ ತವರಮನಿಗೆ ಬಿಡಾಕ ಬರ್ತೇನೆಲ್ಲಾ, ದಾರ್ಯಾಗ ಕಾಡ ಹತ್ತತೇತಿ. ಅಲ್ಲಿ ಒಂದ ಸ್ವಲ್ಪ ನೀ ನಡದರ ನಮ್ಮ ಕೆಲಸ ಆಗತೇತಿ. ಅವ್ವಗ ಹೇಳಬ್ಯಾಡ."

ಕೈಯಲ್ಲಿನ ಹಗ್ಗ ಜಾರಿತು.

"ನಾನೇನ್ರಿ?" ಎಂದೆ.

"ಮುಖಾ ಏನ ಬ್ಯಾಡ. ಬೆನ್ನಷ್ಟ ಸಾಕು. ಮುಖಾ ಎಲ್ಲಾ ಅವಂದು ಆಗಿ ಬಿಟ್ಟೇತಿ."

ಹೀಗೆ ಹೇಳಿ ಕಾಲು ತೊಳೆದುಕೊಂಡು ಹೋದರು. ನಾನು ನೀರು ಸೇದಿದೆ. ಆ ದಿನ ಮನೆಗೆ ಬೇಕಾದ್ದಕ್ಕಿಂತ ಹೆಚ್ಚೇ ಸೇದಿದೆ.

ತವರಿಗೆ ಹೊರಡುವ ದಿನ ನೀಲಿ ಸೀರೆ ಉಟ್ಟೆ. ಅವನ ಮೈಗೆ ಹೊಂದಿಕೊಂಡಿದ್ದ ಸೀರೆ, ಮಡಿಕೆಗಳೆಲ್ಲ ಅವನವು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ತವರಿಗೆ ಕೊಡಲು ಕರ್ಚಿಕಾಯಿ ಡಬ್ಬಿ ಕೈಗಿಟ್ಟು, "ಮೆತ್ತಗ ಹೋಗಿ ಬಾ," ಎಂದರು. ಕೊಲ್ಲಾರಿ ಗಾಡಿಯನ್ನು ನಮ್ಮವರೇ ಹೊಡೆದರು. ಹಳಿಯಾಳ ದಾಟಿ ಗದ್ದೆಗಳು ಮುಗಿದು ಸಾಗವಾನಿ ಕಾಡು ಶುರುವಾಗುವಲ್ಲಿ ಗೆಳೆಯ ಸೈಕಲ್ಲು ಮರಕ್ಕೆ ಒರಗಿಸಿ, ಕ್ಯಾಮರಾ ಕೊರಳಿಗೆ ಹಾಕಿಕೊಂಡು ನಿಂತಿದ್ದ. ಆ ಕಡೆ ಈ ಕಡೆ ಒಂದು ನರಪಿಳ್ಳೆ ಇರಲಿಲ್ಲ.

ಬುತ್ತಿ ಗಂಟನ್ನು ತಲೆಯ ಮೇಲೆ ಇಟ್ಟರು. ನಾನು ನಡೆದೆ. ಹತ್ತು ಹೆಜ್ಜೆ ಇಟ್ಟಿರಬೇಕು.

"ನಿಲ್ಲ, ನಿಲ್ಲ. ಹಂಗಲ್ಲ. ಅಂವ ಹೆಂಗ ನಡೀತಿದ್ದ ನೋಡಿಲ್ಲೇನ? ಸೊಂಟಾ ಸ್ವಲ್ಪ ಬಳಕಬೇಕು."

ನೋಡಿರಲಿಲ್ಲವೇ? ಅವನ ನಡಿಗೆಯನ್ನು ನನ್ನಷ್ಟು ನೋಡಿದವರು ಭೂಮಿಯ ಮೇಲೆ ಇರಲಿಲ್ಲ. ಕಂಪನಿ ನಾಟಕದ ಹೆಣ್ಣಿನ ನಡಿಗೆ ಅದು, ಗಾಳಿಗೆ ಬಳ್ಳಿ ಆಡಿದ ಹಾಗೆ. ನೀರು ಹೊರುವವರು, ಬುತ್ತಿ ಹೊರುವವರು ಯಾರೂ ಹಾಗೆ ನಡೆಯುವುದಿಲ್ಲ. ನಡೆದರೆ ಕೊಡ ಒಡೆಯುತ್ತದೆ. ಆದರೂ ಬಳುಕಿದೆ. ಗಂಟು ಜಾರಿ ಬಿದ್ದು ರೊಟ್ಟಿಯೆಲ್ಲ ಮಣ್ಣಾಯಿತು. ಬರಿಯ ಬಟ್ಟೆಗೆ ತರಗೆಲೆ ತುಂಬಿ ಮತ್ತೆ ಕಟ್ಟಿಕೊಂಡು ನಡೆದೆ. ಈ ಸಲ ನಡುದಾರಿಯಲ್ಲೇ ಕೀಲಿ ಮುಗಿದು ಕ್ಯಾಮರಾ ನಿಂತಿತು. ಕೀಲಿ ಕೊಟ್ಟು ಮತ್ತೆ ಶುರು ಮಾಡುವಾಗ ಗಾಡಿಯ ಎತ್ತು ಹಗ್ಗ ಹರಿದುಕೊಂಡು ನೇರ ಬಂದು ದಾರಿಯಲ್ಲಿ ನಿಂತಿತು. ರೀಲು ಕರಗುತ್ತ ಬಂತು, ಬಿಸಿಲು ಮರಗಳ ತುದಿಗೆ ಏರುತ್ತ ಬಂತು. ಗೆಳೆಯ ಬಗ್ಗಿ ನೋಡಿ, ಇನ್ನು ಒಂದೇ ಸಲಕ್ಕೆ ಆಗುವಷ್ಟಿದೆ ಎಂದ.

ನಮ್ಮವರ ತಾಳ್ಮೆ ತಪ್ಪಿತು.

"ಒಂಚೂರ ಹೆಂಗಸರಂಗ ನಡಿಯಲಾ. ಅಂವ ಗಂಡ ಹುಡುಗ ಇದ್ದು ನಡೀತಾನ, ನಿಂಗೇನಾಗೇತಿ?"

ಗೆಳೆಯ ಮುಖ ಆ ಕಡೆ ತಿರುಗಿಸಿ, "ಭಾಭಿಗೇ ಹೆಂಗಸರಂಗ ನಡಿ ಅಂತೀಯಲ್ಲೋ," ಎಂದು ನಕ್ಕ.

ಗಂಟನ್ನು ತಲೆಯ ಮೇಲೆ ಇಟ್ಟುಕೊಂಡು, ಬೆನ್ನು ತಿರುಗಿಸಿ ನಡೆದೆ. ಬಳುಕಲಿಲ್ಲ, ಮೆತ್ತಗೆ ಇಡಲಿಲ್ಲ, ನನಗೆ ಹೇಗೆ ಬರುತ್ತದೋ ಹಾಗೆ ನಡೆದೆ. ಹಿಂದೆ ಕ್ಯಾಮರಾದ ಕಿರ್ರ್ ಸದ್ದು ದೂರವಾಗುತ್ತ ಹೋಯಿತು. ನಾನು ನಿಲ್ಲಲಿಲ್ಲ. ದಾರಿ ತಿರುಗಿ ಅವರು ಮರೆಯಾದ ಮೇಲೂ ನಡೆದೆ. ಅಲ್ಲಿ ಗಂಟು ಕೆಳಗಿಳಿಸಿ ಒಂದು ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಅವರು ಓಡಿ ಬರುವ ಸಪ್ಪಳ ಕೇಳಿಸಿದ್ದರಿಂದ ಕಣ್ಣು ಒರೆಸಿಕೊಂಡೆ.

ಬಂದವರು ಏದುಸಿರಿನಲ್ಲಿ ಹೇಳಿದರು: "ಶಾಬಾಸ್. ಈ ಸಲ ಥೇಟ ಅವನಂಗs ನಡದಿ."

ಮುಂಡಗೋಡದವರೆಗೆ ನಾನು ಬಾಯಿ ಬಿಡಲಿಲ್ಲ. ಅವರಿಗೆ ಅದು ಗೊತ್ತಾಗಲೂ ಇಲ್ಲ. ದಾರಿಯುದ್ದಕ್ಕೂ ಸಿನೆಮಾದ ಮಾತೇ ಆಡಿದರು.

ಚಳಿಗಾಲದಲ್ಲಿ ಒಂದು ಶನಿವಾರ ಗೆಳೆಯನೊಂದಿಗೆ ಧಾರವಾಡದಿಂದ ಬಂದರು. ಮುಂಬೈಯಿಂದ ರೀಲುಗಳು ಬಂದಿದ್ದವು, ಕತ್ತರಿಸಿ ಅಂಟಿಸಿ ಒಂದು ಮಾಡಿದ್ದರು. ಕಾಲೇಜಿನವರಿಗಿಂತ ಮೊದಲು ಓಣಿಯವರಿಗೆ ತೋರಿಸುವುದು ಎಂದಾಯಿತು. ದೀಪ ಹಚ್ಚುವ ಹೊತ್ತಿಗೆ ನಮ್ಮ ಹಿತ್ತಲು ತುಂಬಿತ್ತು. ಗಂಡಸರು ಮುಂದೆ, ನಾವು ಹೆಂಗಸರು ಗೋಡೆಗೆ ಅಂಟಿ ಹಿಂದೆ. ಹುಡುಗನೂ ಬಂದಿದ್ದ. ಸೊರಗಿ ಕಡ್ಡಿಯಾಗಿದ್ದ, ರೆಪ್ಪೆ ಮಾತ್ರ ಹಾಗೇ ಇತ್ತು. ಅವನನ್ನು ಎಲ್ಲರಿಗಿಂತ ಮುಂದೆ ಕೂರಿಸಿದರು.

ಧೋತರದ ಮೇಲೆ ಅವನ ಮುಖ ಬಂದಾಗ ಹೆಂಗಸರೆಲ್ಲ ಲೊಚಗುಟ್ಟಿದರು. ಇಂಥ ಮುಖ ನಮಗೂ ಇರಬಾರದಿತ್ತೇ ಎಂದು ಒಬ್ಬಾಕೆ ಅಂದೇಬಿಟ್ಟಳು. ಆದರೆ ಮರುಕ್ಷಣ ಗುಸುಗುಸು ಶುರುವಾಯಿತು. ಆಕಾಶದ ಬಣ್ಣದ ನನ್ನ ನೀಲಿ ಸೀರೆ ಧೋತರದ ಮೇಲೆ ಬೆಳ್ಳಗೆ ಬಿಳಿಯಾಗಿ ಬಿದ್ದಿತ್ತು. ಕೆಂಪನ್ನು ಕಪ್ಪು ಮಾಡಿದ ಫಿಲ್ಮು ನೀಲಿಯನ್ನು ಬಿಳಿ ಮಾಡಿ ಕೂತಿತ್ತು.

"ಗಂಡ ಜೀವಂತ ಇದ್ದಾನ, ಬಿಳಿ ಸೀರಿ ಉಟ್ಟಾಳಲ್ಲವಾ," ಎಂದಳು ಪಕ್ಕದ ಮನೆಯಾಕೆ.

ನಾನು ಕತ್ತಲಲ್ಲಿ ನನ್ನ ತಾಳಿ ಮುಟ್ಟಿಕೊಂಡೆ. ಮುಂದೆ ಯಂತ್ರ ತಿರುಗಿಸುತ್ತಿದ್ದ ನಮ್ಮವರ ಬೆನ್ನು ಬಗ್ಗಿತು. ಎರಡು ಸೂಟಿ ಬಡಿದಾಡಿ ತೆಗೆದದ್ದು, ಹೀಗಾಯಿತು. ಕನಿಕರ ಬಂತು, ಬರಲಿಲ್ಲ ಎನ್ನುವುದಿಲ್ಲ.

ಆಮೇಲೆ ಕಾಡುದಾರಿ ಬಂತು. ಎರಡು ಕಡೆ ಮರಗಳು, ನಡುವೆ ಬಿಸಿಲಿನ ಪಟ್ಟೆ. ಬಿಳಿ ಸೀರೆಯ ಹೆಂಗಸೊಬ್ಬಳು ತಲೆಯ ಮೇಲೆ ಗಂಟು ಇಟ್ಟುಕೊಂಡು, ಬೆನ್ನು ಈ ಕಡೆ ಮಾಡಿ, ದೂರ ದೂರ ನಡೆದು ಹೋಗುತ್ತಾಳೆ. ಹಿತ್ತಲೆಲ್ಲ ಗಪ್ ಆಯಿತು. ಬಿಳಿ ಸೀರೆಯ ಮಾತು ಎಲ್ಲರಿಗೂ ಮರೆತುಹೋಯಿತು. ಅದು ನಾನು. ನನ್ನ ಬೆನ್ನನ್ನು ನಾನು ಮೊದಲ ಸಲ ನೋಡಿದ್ದು ಅವತ್ತು.

ಮುಂದೆ ಯಾರೋ ಹುಡುಗನ ಬೆನ್ನು ಚಪ್ಪರಿಸಿದರು. "ಏನ ನಡದೀಯೋ ತಮ್ಮಾ. ಹೆಂಗಸರೂ ಹಿಂಗ ನಡಿಯೂದಿಲ್ಲ."

ಹುಡುಗ ತಲೆ ತಗ್ಗಿಸಿ ನಕ್ಕ. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಸೀರೆ ಹೋಗಿತ್ತು, ಗಂಟಿನ ಕಟ್ಟು ಹೋಗಿತ್ತು, ಈಗ ನನ್ನ ಕಾಲೂ ಹೋಯಿತು. ಎದ್ದು ನಿಂತು ಅದು ನಾನು ಎಂದು ಹೇಳಿಬಿಡಬೇಕೆನಿಸಿತು. ಅತ್ತೆ ಪಕ್ಕದಲ್ಲೇ ಇದ್ದರು. ಹಲ್ಲು ಕಚ್ಚಿ ಕೂತೆ.

ಮರುದಿನ ಬೆಳಿಗ್ಗೆ ಧಾರವಾಡಕ್ಕೆ ಹೊರಡುವ ಮುಂಚೆ ನಮ್ಮವರು ಬಾವಿಯ ಹತ್ತಿರ ಬಂದರು. ರಾತ್ರಿಯ ಹೊಗಳಿಕೆಯಿಂದ ಮುಖ ಅರಳಿತ್ತು.

"ನಾನs ತಗದಾಂವ, ನನಗs ಗೊತ್ತಾಗೂದಿಲ್ಲ ನೋಡು, ಯಾವುದು ನೀ, ಯಾವುದು ಅಂವಾ ಅಂತ."

ಅವರು ಅದನ್ನು ಹೊಗಳಿಕೆಯೆಂದೇ ಹೇಳಿದ್ದು. ಸಿನೆಮಾ ತೆಗೆಯುವವನಿಗೆ ಅದಕ್ಕಿಂತ ದೊಡ್ಡ ಮಾತು ಇರಲಿಕ್ಕಿಲ್ಲ. ನನಗೆ ಕೈಯಲ್ಲಿದ್ದ ಕೊಡವನ್ನು ಬಾವಿಗೆ ಎಸೆದುಬಿಡಬೇಕೆನಿಸಿತು. "ಬುತ್ತಿ ಅಲ್ಲೇ ಗ್ವಾಡಿ ಮಾಡದಾಗ ಇಟ್ಟೇನ್ರಿ," ಎಂದಷ್ಟೇ ಹೇಳಿ ಒಳಗೆ ಬಂದೆ.

ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ನಾನು ಒಲೆಯ ಮುಂದೆ ಕೂತೆ. ಅವರು ಹೊರಟ ಗಾಡಿಯ ಸದ್ದು ಓಣಿ ತಿರುಗಿತು. ಆಮೇಲೆ ಅತ್ತೆ ಕೈ ನಿಲ್ಲಿಸದೆ ಕೇಳಿದರು.

"ನಿನ್ನಿ ಸಿನೆಮಾದಾಗ ಬುತ್ತಿ ಹೊತ್ಕೊಂಡ ಹ್ವಾದಾಕಿ ನೀನs ಹೌದಿಲ್ಲೋ?"

ನಾನು ಒಲೆಗೆ ಕಟ್ಟಿಗೆ ಮುಂದೂಡಿದೆ.

"ಅಲ್ರೀ ಅತ್ತಿ, ಆ ಹುಡುಗರೀ..."

"ಸುಳ್ಳ ಹೇಳಬ್ಯಾಡ. ಅಂವ ನಾಟಕದ ಹೆಂಗಸರ ಹಂಗ ನಡೀತಾನ. ಹಿಮ್ಮಡಾ ಊರಿ ನೆಲಕ್ಕ ಬೈದಂಗ ನಡಿಯೂದು ನೀ ಒಬ್ಬಾಕಿನs. ಅದೂ ಸಿಟ್ಟ ಬಂದಾಗ." ಹಿಟ್ಟಿಗೆ ನೀರು ಹಚ್ಚಿ ಮತ್ತೆ ಕೇಳಿದರು. "ಯಾರ ಮ್ಯಾಲಿತ್ತ ಅಷ್ಟ ಸಿಟ್ಟು?"

ಬೈಗುಳಕ್ಕೆ ಬೆನ್ನು ಗಟ್ಟಿ ಮಾಡಿಕೊಂಡು ಕೂತವಳಿಗೆ ಬಂದದ್ದು ಈ ಪ್ರಶ್ನೆ. ಎರಡು ವರ್ಷ ಯಾರೂ ನನಗೆ ಇಂಥದ್ದನ್ನು ಕೇಳಿರಲಿಲ್ಲ.

"ಆ ಹುಡುಗನ ಮ್ಯಾಲರೀ," ಎಂದೆ. "ಅವನ್ನ ನೋಡಿದಂಗ ಅವರು ನನ್ನ ಒಂದ ದಿನಾನೂ ನೋಡಿಲ್ರಿ."

ಅತ್ತೆ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದರು. ಅದು ಬೇಯುವ ತನಕ ಅದನ್ನೇ ನೋಡುತ್ತ ಇದ್ದು, ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು.

"ಹುಚ್ಚ ಅದಿ ನೀ. ಪಡಸಾಲ್ಯಾಗ ನಿನ್ನ ಹೆಜ್ಜಿ ಸಪ್ಪಳ ಆದ್ರ ಸಾಕು, ಅಂವ ಪುಸ್ತಕದಾಗಿಂದ ತಲಿ ಎತ್ತತಾನ. ನೀ ಒಳಗ ಹೋಗೂತನಕಾ ನೋಡತಾನ. ನೀ ಬಂದಾಗಿಂದ ನೋಡಾಕತ್ತೇನಿ. ನಾನೂ ದಿನಾ ಅಲ್ಲೇ ಹಾಯ್ತೇನಿ. ನನ್ನ ಸಪ್ಪಳಕ್ಕ ಒಮ್ಮೆರೆ ಎತ್ತ್ಯಾನೇನ?"

ನಾನು ಅವರ ಮುಖವನ್ನೇ ನೋಡಿದೆ. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಕಿಂಡಿಯ ಈ ಕಡೆ ನಿಂತಾಗ ನನ್ನ ಮುಖವೂ ಹಾಗೇ ಇದ್ದಿರಬೇಕು.

ಅತ್ತೆ ರೊಟ್ಟಿ ಮಗುಚಿದರು.

"ಮೆತ್ತಗ ನಡಿ, ಮೆತ್ತಗ ನಡಿ ಅಂತ ಸುಮ್ಮನ ಬಡಕೊಂಡ್ನೇನ ನಾ?"

ರೊಟ್ಟಿಯೆಲ್ಲ ಮುಗಿದ ಮೇಲೆ ನಾನು ಕೊಡ ಎತ್ತಿಕೊಂಡು ಪಡಸಾಲೆ ಹಾಯ್ದು ಹೊರಗೆ ಹೋದೆ. ಕಂಬದ ಹತ್ತಿರ ಯಾರೂ ಇರಲಿಲ್ಲ, ಅವರು ಹೋಗಿ ಆಗಲೇ ಬಹಳ ಹೊತ್ತಾಗಿತ್ತು. ಆದರೂ ಹಿಮ್ಮಡ ಊರಿಯೇ ನಡೆದೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವತ್ತು ಮೆತ್ತಗ ನಡಿ ಅನ್ನಲಿಲ್ಲ.